ತದಡಿಯಿಂದ ಹೊರಟ ಹಡಗು, ಪಾರ್ಕ್ ಸ್ಟ್ರೀಟಿನಲ್ಲಿ ಉಳಿದ ಪುಸ್ತಕ

ಟಿಪ್ಪು ಸುಲ್ತಾನರ ಕಾಲದ ಎರಡು ಫಾರ್ಸಿ ಹಸ್ತಪ್ರತಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡೋಣ. ಒಂದು, ಅವರು ತಮ್ಮ ಕೈಯಾರೆ ಬರೆದಿಟ್ಟ ಕನಸುಗಳ ಪುಸ್ತಕ. ಶ್ರೀರಂಗಪಟ್ಟಣ ಬಿದ್ದ ಮೇಲೆ ಅದು ಲಂಡನ್ನಿಗೆ ಹೋಯಿತು. ಇನ್ನೊಂದು, ಅವರು ಇಸ್ತಾಂಬುಲ್‌ಗೆ ಕಳುಹಿಸಿದ ರಾಯಭಾರಿಗಳ ಜೊತೆ ಹೋದ ಖ್ವಾಜಾ ಅಬ್ದುಲ್ ಖಾದಿರ್ ಬರೆದ ದಿನಚರಿ. ಅದರ ಹೆಸರು 'ವಖಾಯಿ-ಎ-ಮನಾಜಿಲ್-ಎ-ರೂಮ್'. ತುರ್ಕಿಯನ್ನು ಆಗ ರೂಮ್ ಅಂತ ಕರೆಯುತ್ತಿದ್ದರು. ರೂಮ್‌ಗೆ ಹೋಗುವ ದಾರಿಯ ತಂಗುದಾಣಗಳಲ್ಲಿ ನಡೆದ ಸಂಗತಿಗಳು ಎಂದು ಆ ಹೆಸರಿನ ಅರ್ಥ. ಈ ಪುಸ್ತಕ ಉಳಿದದ್ದು ಕೊಲ್ಕತ್ತಾದ ಪಾರ್ಕ್ ಸ್ಟ್ರೀಟಿನ ಒಂದನೇ ನಂಬರಿನಲ್ಲಿ, ಏಷ್ಯಾಟಿಕ್ ಸೊಸೈಟಿಯ ಸಂಗ್ರಹದಲ್ಲಿ.

ಕನಸಿನ ಪುಸ್ತಕ ನಮಗೆಲ್ಲ ಗೊತ್ತು. ಗಿರೀಶ್ ಕಾರ್ನಾಡರು ಅದನ್ನಿಟ್ಟುಕೊಂಡು ನಾಟಕ ಬರೆದರು, ಕನ್ನಡದ ರಂಗಭೂಮಿ ಅದನ್ನು ಆಡಿತು. ನಮ್ಮ ಸಭೆಗಳಲ್ಲೂ ಟಿಪ್ಪು ಅಂದರೆ ಕನಸುಗಾರ, ರಾಕೆಟ್, ಹುಲಿ, ಕೊನೆಗೆ ಕೋಟೆ ಬಾಗಿಲಿನ ಶಹಾದತ್. ಇನ್ನೊಂದು ಪುಸ್ತಕದ ಮಾತು ಅಷ್ಟು ಬರುವುದಿಲ್ಲ. ಆದರೆ ಕರಾವಳಿಯ ಮುಸ್ಲಿಮರಾದ ನಮಗೆ ಆ ಎರಡನೆಯದೇ ಹೆಚ್ಚು ಹತ್ತಿರದ್ದು. ಯಾಕೆಂದರೆ ಆ ಪ್ರಯಾಣ ಹೊರಟದ್ದು ನಮ್ಮದೇ ಉತ್ತರ ಕನ್ನಡದ ತದಡಿಯಿಂದ, ಅಘನಾಶಿನಿ ನದಿ ಕಡಲಿಗೆ ಸೇರುವ ಅಳಿವೆಯಿಂದ.

ಈ ಲೇಖನದ ಪ್ರಶ್ನೆ ಸರಳ. ಹೊನ್ನಾವರ, ಭಟ್ಕಳ, ತದಡಿ, ಸದಾಶಿವಗಡ, ಮಂಗಳೂರು—ಈ ಅಳಿವೆ, ಕೊಲ್ಲಿಗಳ ಜನರ ಸಮುದ್ರದ ಚರಿತ್ರೆ, ಯುದ್ಧದ ಚರಿತ್ರೆ ನಮಗೆ ಯಾರ ಪುಸ್ತಕಗಳಿಂದ ಸಿಕ್ಕಿದೆ? ಆ ಪುಸ್ತಕಗಳು ಯಾರನ್ನು ನೋಡಿದವು, ಯಾರನ್ನು ನೋಡಲಿಲ್ಲ? ನಾವು ಬರೆಯುವಾಗ ಅದೇ ಕಣ್ಣನ್ನು ಎರವಲು ತಂದುಕೊಂಡಿದ್ದೇವಾ?

ಮೊದಲು ಪುಸ್ತಕ ಅಲ್ಲಿಗೆ ಹೋದ ದಾರಿ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಅರಮನೆಯ ಗ್ರಂಥಾಲಯದಲ್ಲಿ ಸುಮಾರು 2000 ಸಂಪುಟಗಳಿದ್ದವು. ಅದರ ದೊಡ್ಡ ಪಾಲು ಮರುವರ್ಷ ಕಲ್ಕತ್ತಾದಲ್ಲಿ ಶುರುವಾದ ಫೋರ್ಟ್ ವಿಲಿಯಂ ಕಾಲೇಜಿಗೆ ಹೋಯಿತು. ಅಲ್ಲಿ ಫಾರ್ಸಿ ಕಲಿಸುತ್ತಿದ್ದ ಚಾರ್ಲ್ಸ್ ಸ್ಟೂವರ್ಟ್ ಅದಕ್ಕೆ ವಿವರಣೆ ಸಹಿತ ಪಟ್ಟಿ ಮಾಡಿದ. 1809ರಲ್ಲಿ ಅದು ಅಚ್ಚಾಯಿತು. ಆಮೇಲೆ ಕಾಲೇಜಿನ ಸಂಗ್ರಹ ಒಡೆದು, ಒಂದು ಪಾಲು ಪಾರ್ಕ್ ಸ್ಟ್ರೀಟಿನ ಏಷ್ಯಾಟಿಕ್ ಸೊಸೈಟಿಗೆ ಬಂತು. 1784ರಲ್ಲಿ ವಿಲಿಯಂ ಜೋನ್ಸ್ ಕಟ್ಟಿದ ಸಂಸ್ಥೆ ಅದು. ಅಂದರೆ ಮೈಸೂರಿನ ಪುಸ್ತಕಗಳು ಗೆದ್ದವರ ಸೊತ್ತಾಗಿ ಬಂಗಾಳಕ್ಕೆ ಹೋದವು. ಸುಲ್ತಾನರ ಮಕ್ಕಳ ಕಥೆಯೂ ಹಾಗೆಯೇ. 1806ರ ವೆಲ್ಲೂರು ದಂಗೆಯ ನಂತರ ಅವರನ್ನು ಕಲ್ಕತ್ತಾಕ್ಕೆ ಸಾಗಿಸಲಾಯಿತು. ಅವರಲ್ಲಿ ಗುಲಾಂ ಮುಹಮ್ಮದ್ 1842ರಲ್ಲಿ ಧರ್ಮತಲಾದಲ್ಲಿ ಕಟ್ಟಿಸಿದ ಟಿಪ್ಪು ಸುಲ್ತಾನ್ ಮಸೀದಿ ಇವತ್ತಿಗೂ ಇದೆ, ಪಾರ್ಕ್ ಸ್ಟ್ರೀಟಿನಿಂದ ಹೆಚ್ಚೇನೂ ದೂರವಿಲ್ಲ. ಮಕ್ಕಳೂ ಪುಸ್ತಕಗಳೂ ಒಂದೇ ಊರಿನಲ್ಲಿ ಗಡೀಪಾರಾಗಿ ಬದುಕಿದವು.

ಈ ದಿನಚರಿಯನ್ನು ಅಲ್ಲಿಂದ ಹೊರತೆಗೆದು, ಸಂಪಾದಿಸಿ 1968ರಲ್ಲಿ ಅಚ್ಚು ಮಾಡಿಸಿದವರು ಇತಿಹಾಸಕಾರ ಮುಹಿಬ್ಬುಲ್ ಹಸನ್. ಟಿಪ್ಪುವಿನ ಬಗ್ಗೆ ಗಟ್ಟಿ ಆಧಾರದ ಚರಿತ್ರೆ ಬರೆದವರೂ ಅವರೇ.

ಈಗ ಪ್ರಯಾಣಕ್ಕೆ ಬರೋಣ. 1785ರ ಕೊನೆಯಲ್ಲಿ ರಾಯಭಾರಿಗಳು ಶ್ರೀರಂಗಪಟ್ಟಣ ಬಿಟ್ಟರು. 1786ರ ಮಾರ್ಚ್‌ನಲ್ಲಿ ತದಡಿಯಿಂದ ನಾಲ್ಕು ಹಡಗು ಹೊರಟವು: ಗುರಾಬ್-ಎ-ಸೂರತಿ, ಫಖ್ರುಲ್ ಮರಾಕಿಬ್, ಫತಹ್-ಎ-ಶಾಹಿ ಮುಅಝ್ಝಿ, ನಬಿ ಬಖ್ಶ್. ಒಟ್ಟು ಸುಮಾರು 900 ಮಂದಿ. ಮುಖ್ಯಸ್ಥ ಗುಲಾಂ ಅಲಿ ಖಾನ್. ಜೊತೆಗೆ ನೂರುಲ್ಲಾ ಖಾನ್, ಲುತ್ಫ್ ಅಲಿ ಖಾನ್, ಜಾಫರ್ ಖಾನ್. ಹಡಗಿನಲ್ಲಿ ಕಾಳುಮೆಣಸು, ಏಲಕ್ಕಿ, ಗಂಧದ ಮರ, ಬಟ್ಟೆ. ದಾರಿಯಲ್ಲಿ ಮಸ್ಕತ್, ಬುಶೇರ್, ಬಸ್ರಾ. ಉದ್ದೇಶ ಒಂದಲ್ಲ, ಹಲವು: ಇಂಗ್ಲಿಷರ ವಿರುದ್ಧ ಉಸ್ಮಾನಿ ಖಲೀಫರ ಬೆಂಬಲ, ತಮ್ಮ ಪಟ್ಟಕ್ಕೆ ಅವರ ಮಾನ್ಯತೆ, ವ್ಯಾಪಾರ, ಮತ್ತು ಬಂದೂಕು, ಗಡಿಯಾರ, ಗಾಜು ಮಾಡಬಲ್ಲ ಕುಶಲಕರ್ಮಿಗಳು. ಬಸ್ರಾ ಬಂದರನ್ನು ತಮಗೆ ಇಜಾರಾಕ್ಕೆ ಕೊಟ್ಟರೆ ಬದಲಿಗೆ ಮಂಗಳೂರು ಬಂದರನ್ನು ತುರ್ಕರಿಗೆ ಬಿಟ್ಟುಕೊಡುವ ಪ್ರಸ್ತಾಪವೂ ಇತ್ತು.

ವಿದ್ಯಾರ್ಥಿಗಳು ಈ ಕೊನೆಯ ಮಾತಿನ ಮೇಲೆ ಸ್ವಲ್ಪ ನಿಲ್ಲಬೇಕು. ನಾವು ಟಿಪ್ಪುವನ್ನು ನೆಲದ ರಾಜನಾಗಿ ಓದಿದ್ದೇವೆ: ಇಷ್ಟು ಕೋಟೆ, ಇಷ್ಟು ಕುದುರೆ, ಇಷ್ಟು ಯುದ್ಧ. ಆದರೆ ಬಸ್ರಾಕ್ಕೆ ಮಂಗಳೂರು ಅನ್ನುವ ಲೆಕ್ಕ ಹಾಕಿದ ಮನುಷ್ಯನಿಗೆ ಸಮುದ್ರ ಅಂದರೆ ರಾಜ್ಯದ ಗಡಿ ಅಲ್ಲ, ರಾಜ್ಯದ ಬಾಗಿಲು. ಮಸ್ಕತ್‌ನಲ್ಲಿ ಮೈಸೂರಿನ ವ್ಯಾಪಾರದ ಕೋಠಿಯೇ ಇತ್ತು. ಮೆಣಸು ಮಾರಿ ಬಂದೂಕು ತರುವುದು, ಇಂಗ್ಲಿಷರ ಕೈಗೆ ಸಿಗದ ಒಂದು ಸಮುದ್ರದಾರಿ ಕಟ್ಟುವುದು—ಇದು ಯೋಜನೆ.

ಯೋಜನೆ ಫಲಿಸಲಿಲ್ಲ. ಹಡಗುಗಳು ನಷ್ಟವಾದವು. ರೋಗ, ಪ್ಲೇಗ್, ಹವೆ, ಹಾದಿ—ಹೋದ ಜನರಲ್ಲಿ ಬಹುಪಾಲು ಮಂದಿ ಮರಳಿ ಬರಲಿಲ್ಲ. ಇಸ್ತಾಂಬುಲ್‌ನಲ್ಲಿ ಸುಲ್ತಾನ್ ಅಬ್ದುಲ್ ಹಮೀದ್ ಮರ್ಯಾದೆ ಮಾಡಿದರು, ಸೈನ್ಯ ಕೊಡಲಿಲ್ಲ. ಆಗ ಅವರಿಗೇ ರಷ್ಯಾದ ಜೊತೆ ಯುದ್ಧ. ರಾಯಭಾರಿಗಳು ಈಜಿಪ್ಟ್ ದಾರಿಯಾಗಿ ಮಕ್ಕಾ, ಮದೀನಾ ಕಂಡು 1789ರ ಕೊನೆಗೆ ಕಲ್ಲಿಕೋಟೆಗೆ ಬಂದಿಳಿದರು.

ಇಷ್ಟೆಲ್ಲ ದೊಡ್ಡ ಕಥೆ ಇದ್ದೂ ದಿನಚರಿ ದೊಡ್ಡ ಮಾತು ಆಡುವುದಿಲ್ಲ. ಅದರ ಬೆಲೆ ಇರುವುದೂ ಅಲ್ಲೇ. ಖ್ವಾಜಾ ಅಬ್ದುಲ್ ಖಾದಿರ್ ಕವಿಯಲ್ಲ, ದರ್ಬಾರಿನ ಹೊಗಳುಭಟನೂ ಅಲ್ಲ. ಕಚೇರಿಯ ಮನುಷ್ಯ. ಸರಕು ಮಾರುವ ತಾಪತ್ರಯ, ರಾಯಭಾರಿಗಳ ಒಳಜಗಳ, ಬಂದರಿನಲ್ಲಿ ಕಾಯುವುದು, ಕಾಯಿಲೆ—ಇವೇ ಅವನ ವಿಷಯ. ಗುಲಾಂ ಅಲಿ ಖಾನರಿಗೂ ನೂರುಲ್ಲಾ ಖಾನರಿಗೂ ಸರಿಬರುತ್ತಿರಲಿಲ್ಲ. ಅದನ್ನು ಮುಚ್ಚಿಡುವ ಗೋಜಿಗೆ ಅವನು ಹೋಗಲಿಲ್ಲ. ಮಜಾ ಅಂದರೆ, ಹೆಸರಿನಲ್ಲಿ ರೂಮ್ ಇದ್ದರೂ ಬರಹ ರೂಮ್ ತಲುಪುವುದಿಲ್ಲ, ಇರಾಕಿನಲ್ಲೇ ನಿಂತುಬಿಡುತ್ತದೆ. ರಾಜಕೀಯ ಚರಿತ್ರೆ ಬೇಕಾದವರಿಗೆ ಇದು ಅರ್ಧಂಬರ್ಧ ಪುಸ್ತಕ. ಕರಾವಳಿಯವರಿಗೆ ಇದು ಪೂರ್ತಿ ಪುಸ್ತಕ. ಯಾಕೆಂದರೆ ತದಡಿಯಿಂದ ಬಸ್ರಾದವರೆಗಿನ ಸಮುದ್ರವೇ ನಮ್ಮ ಭಾಗ.

ಆದರೆ ಇದರ ದೋಷವನ್ನೂ ಹೇಳಬೇಕು. ಬರೆದವನು ಹಡಗಿನಲ್ಲಿದ್ದ, ಆದರೆ ಹಡಗಿನವನಲ್ಲ. ಅವನ ಕಣ್ಣು ಹೋಗುವುದು ರಾಯಭಾರಿಗಳ ಕಡೆಗೆ, ಸರಕಿನ ಕಡೆಗೆ, ಸುಲ್ತಾನರಿಗೆ ಏನು ವರದಿ ಹೋಗಬೇಕು ಅನ್ನುವ ಕಡೆಗೆ. ಅದಕ್ಕೇ ನಾಲ್ಕು ರಾಯಭಾರಿಗಳ ಹೆಸರು ಯಾವ ಪುಸ್ತಕ ತೆಗೆದರೂ ಸಿಗುತ್ತದೆ, ನಾಲ್ಕು ಹಡಗಿನ ಹೆಸರೂ ಸಿಗುತ್ತದೆ. ಹಾಯಿ ಎಳೆದ ಖಲಾಸಿ, ಗಾಳಿ ನೋಡಿ ದಾರಿ ಹೇಳಿದ ತಂಡೇಲ, ಅನ್ನ ಬೇಯಿಸಿದವನು—ಇವರು ಚರಿತ್ರೆಯಲ್ಲಿ 'ಸುಮಾರು 900' ಎನ್ನುವ ಅಂಕಿಯ ಒಳಗೆ ಮುಳುಗಿಹೋಗಿದ್ದಾರೆ.

ಇದು ಒಬ್ಬ ಮುನ್ಷಿಯ ದೋಷ ಮಾತ್ರ ಅಲ್ಲ ಅನ್ನುವುದಕ್ಕೆ ನಾಲ್ಕೂವರೆ ಶತಮಾನ ಹಿಂದೆ ಹೋಗೋಣ. 1340ರ ದಶಕದಲ್ಲಿ ಇಬ್ನ್ ಬತೂತ ಹೊನ್ನಾವರಕ್ಕೆ ಬಂದ. ಅವನ 'ರಿಹ್ಲಾ'ದಲ್ಲಿ ಅದು ಹಿನವ್ರ್. ಊರಿನವರು ಶಾಫಿಈಗಳು, ದೀನ್‌ದಾರರು. ಬೇಸಾಯದಿಂದಲ್ಲ, ಸಮುದ್ರ ವ್ಯಾಪಾರದಿಂದ ಬದುಕುವವರು, ಸಮುದ್ರ ಯುದ್ಧದಲ್ಲಿ ಹೆಸರಾದವರು. ಹೆಂಗಸರಿಗೆ ಕುರ್‌ಆನ್ ಬಾಯಿಪಾಠ. ಊರಿನಲ್ಲಿ ಗಂಡುಮಕ್ಕಳಿಗೆ 23 ಶಾಲೆ, ಹೆಣ್ಣುಮಕ್ಕಳಿಗೆ 13 ಶಾಲೆ. ಅನ್ನ, ತುಪ್ಪ, ಮೆಣಸು, ಶುಂಠಿ, ಲಿಂಬೆ, ಮಾವಿನ ಉಪ್ಪಿನಕಾಯಿ, ಕೊನೆಗೆ ಮೊಸರು ಅಂತ ಊಟದ ವಿವರವನ್ನೂ ಬರೆಯುತ್ತಾನೆ. ಈ 13 ಶಾಲೆಗಳ ಮಾತನ್ನು ನಾವು ಭಾಷಣಗಳಲ್ಲಿ ಎಷ್ಟು ಸಲ ಕೇಳಿಲ್ಲ!

ಅದೇ ಪುಸ್ತಕದ ಮುಂದಿನ ಭಾಗವನ್ನು ಮಾತ್ರ ನಾವು ಬಿಟ್ಟುಬಿಡುತ್ತೇವೆ. ಹೊನ್ನಾವರದ ಸುಲ್ತಾನ ಜಮಾಲುದ್ದೀನ್ ಮುಹಮ್ಮದ್ 52 ಹಡಗು ಕಟ್ಟಿಕೊಂಡು ಗೋವೆಯ ಸಂದಾಪುರದ ಮೇಲೆ ಹೋದ. ಇಬ್ನ್ ಬತೂತನೂ ಜೊತೆಗಿದ್ದ. ಎರಡು ಹಡಗುಗಳ ಹಿಂಭಾಗ ಬಾಗಿಲಿನಂತೆ ತೆರೆಯುತ್ತಿತ್ತು. ಸವಾರ ಹಡಗಿನ ಒಳಗೇ ಕುದುರೆ ಏರಿ ನೇರ ದಡಕ್ಕೆ ನುಗ್ಗುತ್ತಿದ್ದ. ಓದಲು ರೋಮಾಂಚನ. ಆದರೆ ಈ ಯುದ್ಧ ಶುರುವಾದದ್ದು ಹೇಗೆ? ಸಂದಾಪುರದ ರಾಜನಿಗೂ ಅವನ ಮಗನಿಗೂ ಜಗಳ. ಮಗ ಹೊನ್ನಾವರಕ್ಕೆ ಬರೆದು, ಬಂದು ಊರು ಹಿಡಿದುಕೊಂಡರೆ ತಾನು ಇಸ್ಲಾಂ ಸ್ವೀಕರಿಸಿ ಸುಲ್ತಾನನ ತಂಗಿಯನ್ನು ಮದುವೆಯಾಗುವೆ ಅಂದ. ಇನ್ನೊಂದು: ಈ ಜಮಾಲುದ್ದೀನ್ ಸ್ವತಂತ್ರನಲ್ಲ, 'ಹರ್ಯಬ್' ಎಂಬ ಹಿಂದೂ ದೊರೆಯ ಕೈಕೆಳಗಿದ್ದವನು ಅಂತ ಇಬ್ನ್ ಬತೂತನೇ ಹೇಳುತ್ತಾನೆ. ಹಲವು ವಿದ್ವಾಂಸರು ಆ ದೊರೆಯನ್ನು ವಿಜಯನಗರದ ಹರಿಹರ ಎಂದು ಗುರುತಿಸಿದ್ದಾರೆ.

ಅಂದರೆ ಈ ಯುದ್ಧವನ್ನು ಒಬ್ಬರು 'ನಮ್ಮ ಜಿಹಾದ್' ಅಂತಲೂ ಇನ್ನೊಬ್ಬರು 'ಅವರ ದಾಳಿ' ಅಂತಲೂ ಓದಿದರೆ ಇಬ್ಬರೂ ಪುಸ್ತಕವನ್ನು ಅರ್ಧ ಮಾತ್ರ ಓದಿದ ಹಾಗೆ. ಅಲ್ಲಿರುವುದು ಕರಾವಳಿಯ ರಾಜಕೀಯ: ಸಂಬಂಧ, ಬಂದರಿನ ಸುಂಕ, ಅಪ್ಪ ಮಗನ ಜಗಳ, ಎಲ್ಲದರ ಮೇಲೆ ಹೊದಿಸಿದ ಧರ್ಮದ ಮಾತು. ಕೊನೆಗೆ ಸಂದಾಪುರವನ್ನು ಮರಳಿ ಪಡೆಯಲು ಶತ್ರು ಮುತ್ತಿಗೆ ಹಾಕಿದಾಗ ಇಬ್ನ್ ಬತೂತ ಅಲ್ಲಿಂದ ಜಾಗ ಖಾಲಿ ಮಾಡಿದ. ಪ್ರವಾಸಿಗೆ ಅದು ಸಾಧ್ಯ. 52 ಹಡಗಿನಲ್ಲಿ ಹೋದ ಹೊನ್ನಾವರದ ಗಂಡಸರ ಮನೆಯಲ್ಲಿ ಏನಾಯಿತು? ಆ 13 ಶಾಲೆಗಳ ಹುಡುಗಿಯರ ಅಪ್ಪ, ಅಣ್ಣಂದಿರು ಎಷ್ಟು ಮಂದಿ ವಾಪಸ್ ಬಂದರು? ಪುಸ್ತಕ ಅಷ್ಟು ದೂರ ಬರುವುದಿಲ್ಲ.

ಮೂರನೆಯದು ಹೈದರ್, ಟಿಪ್ಪುವಿನ ನೌಕಾಪಡೆ. ಇಲ್ಲಿ ನಮ್ಮ ಬರಹಗಳಿಗೆ ಅಂಕಿಗಳ ಮೋಹ ಜಾಸ್ತಿ. 1796ರ ಆಜ್ಞೆಯ ಪ್ರಕಾರ ನೌಕಾಡಳಿತಕ್ಕೆ 11 ಮಂದಿ 'ಮೀರ್ ಯಮ್'ಗಳು, ಸುಮಾರು 40 ಯುದ್ಧನೌಕೆಗಳು, ಹಡಗುಕಟ್ಟೆಗಳು ಮಂಗಳೂರಿನಲ್ಲಿ, ಮಿರ್ಜಾನ್ ಹೊಳೆಯ ಹತ್ತಿರ, ಸದಾಶಿವಗಡದಲ್ಲಿ. ನಿಜ, ದೊಡ್ಡ ಯೋಚನೆ. ಆದರೆ ಇದು ಆಜ್ಞೆ. ಮೂರೇ ವರ್ಷಕ್ಕೆ ರಾಜ್ಯವೇ ಹೋಯಿತು. ಆಜ್ಞೆಯಲ್ಲಿರುವ ಹಡಗನ್ನು ನೀರಿನಲ್ಲಿರುವ ಹಡಗಿನಂತೆ ಎಣಿಸಿದರೆ ಅದು ಅಭಿಮಾನ, ಚರಿತ್ರೆ ಅಲ್ಲ. ಮತ್ತೆ ಈ ಆಜ್ಞೆಗಳು ಹೊರಗಿನವರಿಗೆ ತಿಳಿದದ್ದು ಹೇಗೆ? ಟಿಪ್ಪುವನ್ನು ಸೋಲಿಸಿದವರ ಕಡೆಯ ವಿಲಿಯಂ ಕರ್ಕ್‌ಪ್ಯಾಟ್ರಿಕ್ 1811ರಲ್ಲಿ ಇಂಗ್ಲಿಷಿಗೆ ಮಾಡಿ, ತನ್ನ ಕಹಿ ಟಿಪ್ಪಣಿಗಳ ಜೊತೆ ಅಚ್ಚು ಹಾಕಿಸಿದ ಸಂಪುಟದ ಮೂಲಕ. ಆ ಟಿಪ್ಪಣಿಯ ತಿರಸ್ಕಾರಕ್ಕೆ ಉತ್ತರವಾಗಿ ನಾವು ಹೊಗಳಿಕೆ ಬರೆದೆವು. ಆಗಲೂ ಪ್ರಶ್ನೆ ಹಾಕಿದವನು ಕರ್ಕ್‌ಪ್ಯಾಟ್ರಿಕ್ಕೇ.

ನಮ್ಮ ಪ್ರಶ್ನೆ ಬೇರೆ ಆಗಬೇಕು. 1768ರಲ್ಲಿ ಏನಾಯಿತು ನೋಡಿ. ಹೈದರ್ ಅಲಿ ತಮ್ಮ ನೌಕಾಪಡೆಯ ಮೇಲೆ ಕುದುರೆ ಪಡೆಯ ಅಧಿಕಾರಿಯೊಬ್ಬನನ್ನು ಕೂರಿಸಿದ್ದರು. ಸಮುದ್ರ ಗೊತ್ತಿಲ್ಲದವನ ಹುಕುಂ ಕೇಳಬೇಕಾಗಿ ಬಂದ ಹಡಗಿನ ನಾಯಕರಿಗೆ ಅಸಮಾಧಾನ ಬೆಳೆಯಿತು. ಬೊಂಬಾಯಿಯಿಂದ ಇಂಗ್ಲಿಷರ ಪಡೆ ಬಂದಾಗ ಹೊನ್ನಾವರದ ಎದುರು ಅವರು ಹಡಗುಗಳ ಸಮೇತ ಆ ಕಡೆ ಸೇರಿಬಿಟ್ಟರು. ಮಂಗಳೂರೂ ಕೆಲವು ತಿಂಗಳು ಕೈಬಿಟ್ಟಿತು. ಮುಂದೆ 1780ರ ಡಿಸೆಂಬರಿನಲ್ಲಿ ಇಂಗ್ಲಿಷ್ ನೌಕಾಧಿಪತಿ ಎಡ್ವರ್ಡ್ ಹ್ಯೂಸ್ ಮಂಗಳೂರಿಗೆ ಬಂದು, ಹೈದರ್ ಮತ್ತೆ ಕಟ್ಟಿದ್ದ ಹಡಗುಗಳನ್ನು ಅಳಿವೆಯಲ್ಲೇ ನಾಶ ಮಾಡಿದ.

1768ರ ಘಟನೆಯನ್ನು ಸಾಮಾನ್ಯವಾಗಿ 'ದ್ರೋಹ' ಎಂಬ ಒಂದು ಶಬ್ದದಲ್ಲಿ ಮುಗಿಸುತ್ತಾರೆ. ಸಮುದ್ರದ ಕಡೆಯಿಂದ ಓದಿದರೆ ಅದು ಕೆಲಸ ಗೊತ್ತಿದ್ದವರ ಮಾತನ್ನು ಕೆಲಸ ಗೊತ್ತಿಲ್ಲದವರು ಕೇಳದೇ ಹೋದ ಕಥೆಯೂ ಹೌದು. ಶತ್ರುವಿನ ಜೊತೆ ಸೇರಿದ್ದು ಸರಿ ಅಂತ ನಾನು ಹೇಳುತ್ತಿಲ್ಲ. ಆದರೆ ಕಾರಣ ಕೇಳದೆ ತೀರ್ಪು ಕೊಟ್ಟರೆ, ಮೈಸೂರಿಗೆ ಅಷ್ಟು ಹಣ, ಅಷ್ಟು ತೇಗದ ಮರ, ಅಷ್ಟು ಬಂದರು ಇದ್ದೂ ಸಮುದ್ರ ಯಾಕೆ ಒಲಿಯಲಿಲ್ಲ ಅನ್ನುವುದು ಅರ್ಥವಾಗುವುದಿಲ್ಲ. ಫಿರಂಗಿಯ ಕೊರತೆ ಒಂದು ಕಾರಣ. ದಡದ ಜನರನ್ನು ಆಳುಗಳಾಗಿ ಎಣಿಸಿ, ಸಲಹೆಗಾರರಾಗಿ ಕೂರಿಸದೇ ಇದ್ದದ್ದು ಇನ್ನೊಂದು. 1796ರ ಆಜ್ಞೆಯಲ್ಲಿ ನೌಕೆಗಳಿಗೇ ಪ್ರತ್ಯೇಕ ಆಡಳಿತ ಮಾಡಿದ್ದನ್ನು ಈ ತಪ್ಪು ಅರ್ಥವಾದ ಗುರುತು ಅಂತ ಓದಬಹುದು. ಅರ್ಥವಾಗುವಾಗ ತಡವಾಗಿತ್ತು.

ದಡದಿಂದಲೇ ಬರೆದ ಪುಸ್ತಕ ಹೇಗಿರುತ್ತದೆ ಅನ್ನುವುದಕ್ಕೆ ನಮ್ಮ ತೆಂಕಣದಲ್ಲಿ ಒಂದು ಉದಾಹರಣೆ ಇದೆ: 16ನೇ ಶತಮಾನದ ಕೊನೆಗೆ ಪೊನ್ನಾನಿಯ ಶೈಖ್ ಝೈನುದ್ದೀನ್ ಮಖ್ದೂಂ ಅರಬ್ಬಿಯಲ್ಲಿ ಬರೆದ 'ತುಹ್ಫತುಲ್ ಮುಜಾಹಿದೀನ್'. ಅದು ಪೋರ್ಚುಗೀಸರ ವಿರುದ್ಧ ಎದ್ದು ನಿಲ್ಲಿ ಅನ್ನುವ ಪುಸ್ತಕ, ತಟಸ್ಥವಾದದ್ದೇನೂ ಅಲ್ಲ. ಆದರೆ ಅದರಲ್ಲಿ ವ್ಯಾಪಾರ ಹೋದವರ, ಹಜ್ ಯಾತ್ರೆ ನಿಂತವರ, ಹಡಗು ಸುಟ್ಟುಹೋದವರ ಸಂಕಟ ಇದೆ. ಮುಸ್ಲಿಮರ ಜೊತೆ ನಿಂತ ಸಾಮೂದಿರಿ ರಾಜನ ಬಗ್ಗೆ ಗೌರವ ಇದೆ. ಬರೆದವರು ಆ ಊರಿನ ಗುರುಗಳು, ನೋವು ಆ ಊರಿನದು. ನಮ್ಮ ಕೆನರಾ ಕರಾವಳಿಯ ಚರಿತ್ರೆ ಹೇಳಲು ನಾವು ಹೆಚ್ಚಾಗಿ ಕೈಚಾಚುವುದು ಮೊರಾಕ್ಕೋದ ಪ್ರವಾಸಿ, ಶ್ರೀರಂಗಪಟ್ಟಣದ ಮುನ್ಷಿ, ಇಂಗ್ಲಿಷ್ ಅಧಿಕಾರಿ ಬರೆದದ್ದಕ್ಕೆ. ಮೂವರೂ ಹೊರಗಿನಿಂದ ಬಂದು ನೋಡಿದವರು.

ಈ ಮಾತು ಈಗ ಯಾಕೆ? ಎರಡು ಕಾರಣ. ಒಂದು, ಕರಾವಳಿಯ ಮುಸ್ಲಿಮರು ಇಲ್ಲಿಯವರೇ ಅಲ್ಲ ಅನ್ನುವ ಮಾತು ಜೋರಾಗಿ ಕೇಳುತ್ತಿರುವ ಕಾಲ ಇದು. ಅದಕ್ಕೆ ಉತ್ತರವಾಗಿ ನಾವು ಅರಬ್ ವ್ಯಾಪಾರಿಗಳ ಹೆಸರು, ಸುಲ್ತಾನರ ಹೆಸರು, ಹಡಗುಗಳ ಸಂಖ್ಯೆ ಮುಂದಿಡುತ್ತೇವೆ. ಈ ಉತ್ತರ ಬಲವಾದದ್ದಲ್ಲ. ಇಲ್ಲಿಯವರು ಅನ್ನುವುದಕ್ಕೆ ದೊಡ್ಡ ಸಾಕ್ಷಿ ಕೆಲಸ. ಮಳೆಗಾಲಕ್ಕೆ ಮೊದಲು ಮಂಜಿಗಳನ್ನು ದಡಕ್ಕೆ ಎಳೆದ ಕೈಗಳು, ಖಾರ್ವಿ, ಮೊಗವೀರರ ಪಕ್ಕದಲ್ಲೇ ಬಲೆ ಹರಡಿದ ದಾಲ್ದಿ ಮುಸ್ಲಿಮರು, ಧಕ್ಕೆಯಲ್ಲಿ ಮೂಟೆ ಹೊತ್ತ ಬ್ಯಾರಿಗಳು. ಸುಲ್ತಾನ ಬಂದು ಹೋಗುತ್ತಾನೆ, ಇವರು ಉಳಿದರು.

ಎರಡನೆಯದು ನಮ್ಮೊಳಗಿನ ಮಾತು, ಸ್ವಲ್ಪ ಕಹಿ. ನಮ್ಮ ಸಮುದಾಯದ ಚರಿತ್ರೆಗಳಲ್ಲಿ ವ್ಯಾಪಾರಿ ಮನೆತನಗಳಿಗೆ ಅಧ್ಯಾಯ ಸಿಗುತ್ತದೆ, ಮೀನುಗಾರರಿಗೆ ಒಂದು ಪ್ಯಾರಾ. ನವಾಯತರ ವಂಶಾವಳಿ ಬರೆಯುವ ಉತ್ಸಾಹದ ಕಾಲುಭಾಗ ದಾಲ್ದಿಗಳ ಸಮುದ್ರಜ್ಞಾನದ ಬಗ್ಗೆ ಇಲ್ಲ. ದರ್ಬಾರಿನ ಮುನ್ಷಿ ಖಲಾಸಿಯನ್ನು ನೋಡಲಿಲ್ಲ ಅಂತ ದೂರುವ ನಾವು, ನಮ್ಮದೇ ಜಮಾಅತ್ತಿನ ಕೊನೆಯ ಸಾಲಿನಲ್ಲಿ ಕೂತವರನ್ನು ನೋಡಿದ್ದೇವಾ?

ಪಾರ್ಕ್ ಸ್ಟ್ರೀಟಿನ ಇನ್ನೊಂದು ತುದಿಯ ಕಡೆ 1767ರಲ್ಲಿ ತೆರೆದ ಹಳೆಯ ಇಂಗ್ಲಿಷ್ ಸ್ಮಶಾನ ಇದೆ. ಕಂಪನಿಯ ಅಧಿಕಾರಿಗಳು, ಸೈನಿಕರು ಅಲ್ಲಿ ಮಲಗಿದ್ದಾರೆ. ವಿಲಿಯಂ ಜೋನ್ಸನ ಗೋರಿಯ ಮೇಲೆ ಎತ್ತರದ ಕಂಬ ನಿಂತಿದೆ. ಗೆದ್ದವರು ತಮ್ಮ ಸತ್ತವರ ಹೆಸರನ್ನು ಕಲ್ಲಿನಲ್ಲಿ ಬರೆಸಿದರು. ಅದೇ ಬೀದಿಯಲ್ಲಿರುವ ಪುಸ್ತಕದೊಳಗೆ ನಮ್ಮ ಕರಾವಳಿಯಿಂದ ಹೊರಟು ಮಸ್ಕತ್, ಬಸ್ರಾದ ದಾರಿಯಲ್ಲಿ ಸತ್ತವರಿದ್ದಾರೆ. ಅವರ ಖಬರಿಗೆ ಮೀಸಾನ್ ಕಲ್ಲು ಇಡಲು ಈಗ ಯಾರಿಂದಲೂ ಆಗದು.

ಆದರೆ ಅದೇ ದಾರಿಯಲ್ಲಿ ಇನ್ನೊಂದು ಪ್ರಯಾಣ ನಮ್ಮ ಕಣ್ಣೆದುರೇ ನಡೆದಿದೆ. ಕಳೆದ ಐವತ್ತು ವರ್ಷಗಳಲ್ಲಿ ಭಟ್ಕಳ, ಉಡುಪಿ, ಮಂಗಳೂರು, ಕಾಸರಗೋಡಿನ ಮನೆಮನೆಯಿಂದ ಮಸ್ಕತ್, ದುಬೈ, ಕುವೈತ್, ದಮ್ಮಾಮ್‌ಗೆ ಹೋದವರು ಅದೇ ಸಮುದ್ರ ದಾಟಿದವರು. ಅವರ ಚರಿತ್ರೆಯೂ 'ಇಷ್ಟು ಲಕ್ಷ ಮಂದಿ, ಇಷ್ಟು ಕೋಟಿ ಹಣ' ಅನ್ನುವ ಅಂಕಿಯಾಗಿಯೇ ಉಳಿಯುತ್ತಿದೆ. ಅವರ ಪತ್ರಗಳು ಕಪಾಟಿನಲ್ಲಿ ಗೆದ್ದಲು ತಿನ್ನುತ್ತಿವೆ. ಮಾತು ತುಂಬಿ ಕಳಿಸುತ್ತಿದ್ದ ಕ್ಯಾಸೆಟ್‌ಗಳು ಬೂಸ್ಟು ಹಿಡಿದಿವೆ.

ಹಾಗಾಗಿ ವಿದ್ಯಾರ್ಥಿಗಳಿಗೆ ಹೇಳುವುದು ಎರಡು ಕೆಲಸ. ಫಾರ್ಸಿ ಕಲಿತವರು ಯಾರಾದರೂ ಈ ದಿನಚರಿಯನ್ನು ಇಂಗ್ಲಿಷಿನ ಹಂಗಿಲ್ಲದೆ ನೇರ ಕನ್ನಡಕ್ಕೆ ತನ್ನಿ. ತದಡಿ, ಮಿರ್ಜಾನ್ ಗೊತ್ತಿದ್ದವರು ಪಕ್ಕದಲ್ಲಿ ಕೂತು ಊರಿನ, ಗಾಳಿಯ, ಸರಕಿನ ಹೆಸರು ಸರಿಮಾಡಲಿ. ಫಾರ್ಸಿ ಬಾರದವರು ತಮ್ಮ ಊರಿನ ಹಳೆಯ ತಂಡೇಲರು, ಖಲಾಸಿಗಳು, ಗಲ್ಫಿನಿಂದ ಮರಳಿದವರ ಹತ್ತಿರ ಹೋಗಿ ಕೂರಿ. ನವಾಯತಿಯಲ್ಲಿ, ಬ್ಯಾರಿಯಲ್ಲಿ, ದಾಲ್ದಿಗಳ ಮಾತಿನಲ್ಲಿ ಗಾಳಿಗೆ ಎಷ್ಟು ಹೆಸರಿದೆ, ಹಗ್ಗಕ್ಕೆ ಎಷ್ಟು ಹೆಸರಿದೆ ಕೇಳಿ ಬರೆದುಕೊಳ್ಳಿ. ಹಡಗಿನ ಹೆಸರು ಕೇಳುವ ಮೊದಲು ಹಡಗಿನಲ್ಲಿದ್ದವರ ಹೆಸರು ಕೇಳಿ. ಒಂದು ಜಮಾಅತ್ತಿನಲ್ಲಿ ಇಪ್ಪತ್ತು ಹೆಸರು ಸಿಕ್ಕಿದರೂ ಸಾಕು, ಮುಂದೆ ಬರೆಯುವವರು 'ಸುಮಾರು' ಎಂಬ ಶಬ್ದವನ್ನು ಅಷ್ಟು ಕಡಿಮೆ ಬಳಸಬಹುದು.